ಗೂಬೆ ಕೂರುವುದು ಪ್ಲಗಿನ್ ಮೇಲೆ

ಡೇಟಾಬೇಸ್ ಎದ್ದೇಳದಿದ್ದಾಗ ಲಾಗ್‌ನ ಕೊನೆಯ ಸಾಲು ಬೆರಳು ಮಾಡುವುದು ಪ್ಲಗಿನ್ ಕಡೆಗೆ. ಕಳ್ಳ ಮಾತ್ರ ನಾಲ್ಕು ಸಾಲು ಮೇಲೆ ಕೂತಿರುತ್ತಾನೆ. ಮೇಲಕ್ಕೆ ಕಣ್ಣು ಹಾಯಿಸುವ ಮೊದಲೇ ಡಿಲೀಟ್ ಒತ್ತಿದರೆ ಡೇಟಾ ಹೋದಂತೆಯೇ!

ರಾತ್ರಿ ಹನ್ನೊಂದೂವರೆ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್. ಬೆಳಿಗ್ಗೆ ಮಿನಿ ಪ್ರಾಜೆಕ್ಟ್ ವೈವಾ. ಸಂಜೆ ಮಳೆಗೆ ಹೋದ ಕರೆಂಟ್ ಈಗಷ್ಟೇ ಬಂದಿದೆ. ನಡುವೆ ಬ್ಯಾಟರಿ ಖಾಲಿಯಾಗಿ ಲ್ಯಾಪ್‌ಟಾಪ್ ತಾನಾಗಿಯೇ ಆರಿಹೋಗಿತ್ತು.

ಲ್ಯಾಪ್‌ಟಾಪ್‌ನಲ್ಲೇ ಡೇಟಾಬೇಸ್ ಸರ್ವರ್ ಓಡಿಸುವ ಝಾಂಪ್‌ನ ಪುಟ್ಟ ವಿಂಡೋ ತೆರೆದು ಸ್ಟಾರ್ಟ್ ಒತ್ತಿದರೆ 'ಮೈಎಸ್‌ಕ್ಯೂಎಲ್' ಎಂಬ ಹೆಸರಿನ ಹಿಂದೆ ಹಳದಿ ಮೂಡುತ್ತದೆ. ಮುಂದೆ ಅದು ಹಸಿರಾಗಬೇಕು. ಆಗುವುದಿಲ್ಲ. ಹಳದಿಯೂ ಮಾಯವಾಗಿ, ಕೆಳಗಿನ ಪಟ್ಟಿಯಲ್ಲಿ ಕೆಂಪು ಅಕ್ಷರಗಳು ಸಾಲಾಗಿ ಇಳಿಯುತ್ತವೆ: 'ಮೈಎಸ್‌ಕ್ಯೂಎಲ್ ಶಟ್‌ಡೌನ್ ಅನ್‌ಎಕ್ಸ್‌ಪೆಕ್ಟೆಡ್ಲಿ.' ಪೋರ್ಟ್ ಸಿಕ್ಕಿಲ್ಲವೋ, ಬೇಕಾದ ಫೈಲ್ ಇಲ್ಲವೋ, ಅನುಮತಿ ಸಾಲದೋ, ಕ್ರ್ಯಾಶ್ ಆಯಿತೋ, ಬೇರೆ ಯಾರಾದರೂ ನಿಲ್ಲಿಸಿದರೋ... ಎಲ್ಲವನ್ನೂ ಹೇಳಿ ಏನನ್ನೂ ಹೇಳದ ಸಂದೇಶ ಅದು.

"ಮಗಾ, ಮೈಎಸ್‌ಕ್ಯೂಎಲ್ ಎದ್ದೇಳ್ತಾನೇ ಇಲ್ಲ ಕಣೋ."

"ಲಾಗ್ ನೋಡ್ದ್ಯಾ?"

"ನೋಡ್ದೆ. ಪ್ಲಗಿನ್ ಫೇಲ್ ಅಂತಿದೆ. ನಾನು ಯಾವ ಪ್ಲಗಿನ್ನೂ ಹಾಕೇ ಇಲ್ವಲ್ಲೋ!"

ಹುಡುಗ ಸುಳ್ಳು ಹೇಳುತ್ತಿಲ್ಲ. ಅವನು ಯಾವ ಪ್ಲಗಿನ್ನನ್ನೂ ಹಾಕಿಲ್ಲ. ಆದರೂ ಲಾಗ್‌ನ ತುದಿಯಲ್ಲಿ ಮೂರು ಸಾಲು ಸ್ಪಷ್ಟವಾಗಿವೆ. 'ಪ್ಲಗಿನ್ ಆರಿಯಾ ಇನಿಟ್ ಫಂಕ್ಷನ್ ರಿಟರ್ನ್ಡ್ ಎರರ್.' 'ಫೇಲ್ಡ್ ಟು ಇನಿಷಿಯಲೈಸ್ ಪ್ಲಗಿನ್ಸ್.' 'ಅಬಾರ್ಟಿಂಗ್.'

ವಿಟಿಯುವಿನಲ್ಲಿ ಡಿಬಿಎಂಎಸ್ ಲ್ಯಾಬ್‌ಗೆ ಮಿನಿ ಪ್ರಾಜೆಕ್ಟ್ ಅಂಟಿಕೊಂಡ ಮೇಲೆ ಕರ್ನಾಟಕದ ಹಾಸ್ಟೆಲ್‌ಗಳಿಗೆ ಈ ಸಾಲುಗಳು ಚಿರಪರಿಚಿತ. ಹಾಸ್ಟೆಲ್‌ಗಳಿಗಷ್ಟೇ ಅಲ್ಲ. ವರ್ಡ್‌ಪ್ರೆಸ್‌ನಲ್ಲಿ ಅಂಗಡಿ ತೆರೆದವರು, ಸಣ್ಣ ಪತ್ರಿಕೆಯ ಜಾಲತಾಣ ನಡೆಸುವವರು, ಆಸ್ಪತ್ರೆಯ ಬಿಲ್ಲಿಂಗ್ ನೋಡಿಕೊಳ್ಳುವ ಐಟಿಯವರು, ಎಲ್ಲರೂ ಒಂದಲ್ಲ ಒಂದು ದಿನ ಇವನ್ನು ಎದುರಿಸಿದವರೇ.

ಎಂಜಿನ್ನೇ ಪ್ಲಗಿನ್ ಆದ ಕಥೆ

ಪ್ಲಗಿನ್ ಎಂದರೆ ಆಮೇಲೆ ಸಿಕ್ಕಿಸುವ ಹೆಚ್ಚುವರಿ ಸೌಲಭ್ಯ ಎಂಬುದು ನಮ್ಮ ರೂಢಿಯ ತಿಳಿವಳಿಕೆ. ಬ್ರೌಸರ್‌ನಲ್ಲಿ ಜಾಹೀರಾತು ತಡೆಯುವಂಥದ್ದು. ಇದ್ದರೆ ಚೆಂದ, ಇಲ್ಲದಿದ್ದರೂ ನಡೆಯುತ್ತದೆ. ಮೈಎಸ್‌ಕ್ಯೂಎಲ್ ಲೋಕದಲ್ಲಿ ಹಾಗಲ್ಲ. ಅಲ್ಲಿ ಡೇಟಾವನ್ನು ಡಿಸ್ಕ್‌ಗೆ ಬರೆದು, ಓದಿ, ಕಾಪಾಡುವ ಸ್ಟೋರೇಜ್ ಎಂಜಿನ್ನೇ ಒಂದು ಪ್ಲಗಿನ್. ಪಾಸ್‌ವರ್ಡ್ ತಾಳೆ ನೋಡುವುದೂ ಪ್ಲಗಿನ್ನೇ.

ಇದಕ್ಕೊಂದು ಹಿನ್ನೆಲೆ ಇದೆ. 1995ರಲ್ಲಿ ಮೈಎಸ್‌ಕ್ಯೂಎಲ್ ಕಟ್ಟಿದವರಲ್ಲಿ ಮುಖ್ಯರು ಫಿನ್ಲೆಂಡ್‌ನ ಮೈಕೆಲ್ ವಿಡೇನಿಯಸ್. ಎಲ್ಲರೂ ಕರೆಯುವುದು ಮಾಂಟಿ ಎಂದು. ಜೊತೆಗಿದ್ದವರು ಸ್ವೀಡನ್ನಿನ ಡೇವಿಡ್ ಆಕ್ಸ್‌ಮಾರ್ಕ್ ಮತ್ತು ಆಲನ್ ಲಾರ್ಸನ್. ಹೆಸರಿನಲ್ಲಿರುವ 'ಮೈ' ಮಾಂಟಿಯವರ ಮಗಳದು. ಆಗ ಅದರೊಳಗಿದ್ದ ಎಂಜಿನ್ ವೇಗದ್ದು, ಆದರೆ ನಡುವೆ ಕರೆಂಟ್ ಹೋದರೆ ನಂಬುವಂತಿರಲಿಲ್ಲ. ಆ ಕೊರತೆ ನೀಗಿದ್ದು ಇನ್ನೋಡಿಬಿ. ಅದನ್ನು ಬರೆದವರು ಫಿನ್ಲೆಂಡ್‌ನವರೇ ಆದ ಹೈಕಿ ತೂರಿ. ಅವರ ಕಂಪನಿ ಇನ್ನೋಬೇಸ್.

2005ರ ಅಕ್ಟೋಬರ್‌ನಲ್ಲಿ ಒರಾಕಲ್ ಕಂಪನಿ ಇನ್ನೋಬೇಸನ್ನು ಕೊಂಡುಕೊಂಡಿತು. ಮೈಎಸ್‌ಕ್ಯೂಎಲ್ ಇನ್ನೂ ಸ್ವತಂತ್ರವಾಗಿತ್ತು, ಅದರ ಹೃದಯ ಮಾತ್ರ ಪ್ರತಿಸ್ಪರ್ಧಿಯ ಕೈಯಲ್ಲಿ! ಎಂಜಿನ್ ಬದಲಿಸುವಂತಿದ್ದರೆ ಉಸಿರಾಡಬಹುದಿತ್ತು ಎಂದು ಅಂದು ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. 2008ರ ಕೊನೆಗೆ ಬಂದ 5.1 ಆವೃತ್ತಿಯಲ್ಲಿ ಪ್ಲಗಿನ್ ವ್ಯವಸ್ಥೆ ಸಿದ್ಧವಾಗಿತ್ತು. ಸರ್ವರ್ ಓಡುತ್ತಿರುವಾಗಲೇ ಎಂಜಿನ್ ಸೇರಿಸಬಹುದು, ತೆಗೆಯಬಹುದು.

ಒಡೆತನ ಬದಲಾದದ್ದು ಗೊತ್ತಿರುವ ಕಥೆ. 2008ರಲ್ಲಿ ಮೈಎಸ್‌ಕ್ಯೂಎಲ್ ಸನ್ ಕಂಪನಿಯ ಪಾಲಾಯಿತು, 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಪಾಲಾಯಿತು. ಮಾಂಟಿ ಬೇರೆ ಮನೆ ಮಾಡಿ ಮರಿಯಾಡಿಬಿ ಹುಟ್ಟುಹಾಕಿದರು. ಆ ಹೆಸರು ಕಿರಿಮಗಳದು. ಇವತ್ತು ಕನ್ನಡ ವಿಕಿಪೀಡಿಯದ ಪುಟಗಳು ಕೂತಿರುವುದೂ ಮರಿಯಾಡಿಬಿ ಮೇಲೆಯೇ. ಝಾಂಪ್ ಕೂಡ 2015ರ ಅಕ್ಟೋಬರ್‌ನಲ್ಲಿ ಮೈಎಸ್‌ಕ್ಯೂಎಲ್ ಕೈಬಿಟ್ಟು ಮರಿಯಾಡಿಬಿ ಹಿಡಿಯಿತು. ಗುಂಡಿಯ ಪಕ್ಕದ ಬೋರ್ಡನ್ನು ಮಾತ್ರ ಬದಲಿಸಲಿಲ್ಲ. ಹೀಗಾಗಿ ಹಾಸ್ಟೆಲ್ ಹುಡುಗ ಮೈಎಸ್‌ಕ್ಯೂಎಲ್‌ಗೆ ಮದ್ದು ಹುಡುಕುತ್ತಾನೆ. ಕಾಯಿಲೆ ಬಿದ್ದಿರುವುದು ಮರಿಯಾಡಿಬಿ.

ಲಾಗ್ ಓದುವುದು ಕೆಳಗಿನಿಂದ ಮೇಲಕ್ಕೆ

ಮದುವೆ ಮನೆಯಲ್ಲಿ ನೀರಿನ ಟ್ಯಾಂಕರ್ ಬರಲಿಲ್ಲ, ಅಡುಗೆ ಆಗಲಿಲ್ಲ. ಬೈಗುಳ ತಿಂದವನು ಬಡಿಸಲು ನಿಂತವನು. ಡೇಟಾಬೇಸ್ ಲಾಗ್‌ನಲ್ಲಿ ಪ್ಲಗಿನ್ನಿನ ಪಾಡು ಅದೇ.

ಸರ್ವರ್ ಏಳುವಾಗ ಪ್ರತಿ ಪ್ಲಗಿನ್ನನ್ನೂ ಕರೆದು 'ಸಿದ್ಧನಾ?' ಎಂದು ಕೇಳುತ್ತದೆ. ಪ್ಲಗಿನ್ ತನ್ನ ಫೈಲ್ ತೆರೆಯಬೇಕು, ಮೆಮೊರಿ ಪಡೆಯಬೇಕು, ಹಳೆಯ ಲೆಕ್ಕ ಸರಿಹೊಂದಿಸಬೇಕು. ಯಾವುದಾದರೂ ಕೆಟ್ಟರೆ ಆ ಸಂಗತಿಯನ್ನು ಒಂದು ಸಾಲಿನಲ್ಲಿ ಲಾಗ್‌ಗೆ ಬರೆದು, ಸರ್ವರ್‌ಗೆ 'ಆಗಲ್ಲ' ಎನ್ನುತ್ತದೆ. ಸರ್ವರ್‌ಗೆ ಕೇಳಿಸಿದ್ದು ಆ 'ಆಗಲ್ಲ' ಮಾತ್ರ. ಅದು ತನ್ನ ಪಾಲಿನ ಸಾಲುಗಳನ್ನು ಕೆಳಗೆ ಸೇರಿಸುತ್ತದೆ: ಇಂಥ ಪ್ಲಗಿನ್ ಸೋತಿದೆ, ಎಂಜಿನ್ ನೋಂದಣಿ ಆಗಲಿಲ್ಲ, ನಾನು ಹೊರಟೆ. ನಮ್ಮ ಕಣ್ಣು ಬೀಳುವುದು ಈ ಕೊನೆಯ ಸಾಲುಗಳ ಮೇಲೆ. ಗೂಗಲ್‌ಗೆ ಹಾಕುವುದೂ ಅವನ್ನೇ. ನೂರು ಬೇರೆ ಬೇರೆ ಕಾರಣಗಳಿಗೆ ಕೊನೆಯ ಸಾಲು ಒಂದೇ ಆಗಿರುವುದರಿಂದ ಸಿಗುವ ಪರಿಹಾರಗಳೂ ನೂರು. ಅದರಲ್ಲಿ ತೊಂಬತ್ತೊಂಬತ್ತು ಬೇರೆಯವರ ರೋಗಕ್ಕೆ.

ಒಂದು ನಿಜವಾದ ಸರಣಿಯನ್ನು ಹತ್ತಿರದಿಂದ ನೋಡೋಣ. ಮೈಎಸ್‌ಕ್ಯೂಎಲ್ 5.5ರ ಕಾಲದಲ್ಲಿ ಅಗ್ಗದ ಬಾಡಿಗೆ ಸರ್ವರ್‌ಗಳಲ್ಲಿ ಇದು ಮನೆಮಾತು. ಮೊದಲ ಸಾಲು, ಇನ್ನೋಡಿಬಿಯ ಮೆಮೊರಿ ಜಾಗವಾದ ಬಫರ್ ಪೂಲ್ ಸಿದ್ಧವಾಗುತ್ತಿದೆ, ಗಾತ್ರ 128 ಎಂಬಿ. ಎರಡನೆಯದು, 'ಎಂಮ್ಯಾಪ್ 137363456 ಬೈಟ್ಸ್ ಫೇಲ್ಡ್, ಎರ್‌ನಂ 12'. ಮೂರನೆಯದು, ಬಫರ್ ಪೂಲ್ ಸಿದ್ಧತೆ ಪೂರ್ಣಗೊಂಡಿದೆ! ನಾಲ್ಕನೆಯದು, ಬಫರ್ ಪೂಲ್‌ಗೆ ಮೆಮೊರಿ ಸಿಗಲಿಲ್ಲ. ಅದರ ಕೆಳಗೆ ಯಥಾಪ್ರಕಾರ ಪ್ಲಗಿನ್ ಮೇಲಿನ ಆಪಾದನೆ, 'ಅನ್‌ನೋನ್ ಸ್ಟೋರೇಜ್ ಎಂಜಿನ್ ಇನ್ನೋಡಿಬಿ', ಕೊನೆಗೆ ಅಬಾರ್ಟಿಂಗ್.

ಮೂರನೆಯ ಸಾಲಿನ ತಮಾಷೆ ಗಮನಿಸಿ. ಸೋತ ಮೇಲೂ 'ಮುಗಿಯಿತು' ಎಂದು ಷರಾ ಬರೆದು ಹೋಗಿದೆ. ಸತ್ಯ ಇರುವುದು ಎರಡನೆಯ ಸಾಲಿನ ತುದಿಯ ಆ 12ರಲ್ಲಿ. ಆಪರೇಟಿಂಗ್ ಸಿಸ್ಟಂ ಭಾಷೆಯಲ್ಲಿ 12 ಎಂದರೆ ಮೆಮೊರಿ ಇಲ್ಲ. 512 ಎಂಬಿ ರ‍್ಯಾಮ್‌ನ ಯಂತ್ರದಲ್ಲಿ ವೆಬ್ ಸರ್ವರ್ ಅಪಾಚೆಯ ಪ್ರೊಸೆಸ್‌ಗಳೆಲ್ಲ ಸೇರಿ ಎಲ್ಲವನ್ನೂ ನುಂಗಿ ಕೂತಿದ್ದವು. ಲಿನಕ್ಸ್ ಕರ್ನೆಲ್ ಉಸಿರುಗಟ್ಟಿ, ಒಂಟಿಯಾಗಿ ಹೆಚ್ಚು ತಿನ್ನುತ್ತಿದ್ದ ಪ್ರೊಸೆಸ್ ಯಾವುದೆಂದು ನೋಡಿ ಮೈಎಸ್‌ಕ್ಯೂಎಲ್ ಕತ್ತು ಹಿಸುಕಿತು. ಮತ್ತೆ ಏಳಲು ಹೋದರೆ ಕೂರಲು ಜಾಗವಿಲ್ಲ. ಜಾಲತಾಣ ನೋಡಲು ಬಂದವರಿಗೆ ಕಂಡದ್ದು ವರ್ಡ್‌ಪ್ರೆಸ್‌ನ ಒಂದೇ ವಾಕ್ಯ: 'ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್.'

ಇದಕ್ಕೆ ಇನ್ನೋಡಿಬಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿ ಏನು ಪ್ರಯೋಜನ? ಸ್ವಲ್ಪ ಸ್ವಾಪ್ ಜಾಗ ಕೊಟ್ಟು, ಬಫರ್ ಪೂಲ್ ಇಳಿಸಿ, ಅಪಾಚೆಯ ಹಸಿವಿಗೆ ಮಿತಿ ಹಾಕಿದರೆ ಕೆಲಸ ಮುಗಿಯಿತು.

> ಬಾಕ್ಸ್: ಅಂಕಿ ಹೇಳುವ ಸತ್ಯ
>
> ಲಾಗ್‌ನಲ್ಲಿ 'ಎರ್‌ನಂ' ಅಥವಾ 'ಆಪರೇಟಿಂಗ್ ಸಿಸ್ಟಂ ಎರರ್ ನಂಬರ್' ಕಂಡರೆ ಅಲ್ಲೇ ನಿಲ್ಲಿ. ಲಿನಕ್ಸ್‌ನಲ್ಲಿ ಈ ಐದು ಗೊತ್ತಿದ್ದರೆ ಬಹುಪಾಲು ಸಮಸ್ಯೆ ಬಯಲಾಗುತ್ತದೆ.
>
> 2 – ಹೇಳಿದ ಜಾಗದಲ್ಲಿ ಫೈಲೇ ಇಲ್ಲ
> 11 – ಫೈಲನ್ನು ಬೇರೊಬ್ಬರು ಹಿಡಿದಿದ್ದಾರೆ. ಹಳೆಯ ಸರ್ವರ್ ಇನ್ನೂ ಸತ್ತಿಲ್ಲ
> 12 – ಮೆಮೊರಿ ಇಲ್ಲ
> 13 – ಅನುಮತಿ ಇಲ್ಲ
> 28 – ಡಿಸ್ಕ್ ಭರ್ತಿ
>
> ಮೈಎಸ್‌ಕ್ಯೂಎಲ್ ಜೊತೆಗೇ 'ಪಿಎರರ್' ಎಂಬ ಪುಟ್ಟ ಕಮಾಂಡ್ ಬರುತ್ತದೆ. ಅಂಕಿ ಕೊಟ್ಟರೆ ಅರ್ಥ ಹೇಳುತ್ತದೆ. ಎಷ್ಟೋ ಜನ ಅದರ ಹೆಸರೇ ಕೇಳಿಲ್ಲ.

ಡಿಲೀಟ್ ಎಂಬ ಕೈಮದ್ದು

ಹಾಸ್ಟೆಲ್ ಕೋಣೆಯ ಸಮಸ್ಯೆಯನ್ನು ಈಗ ಬಿಡಿಸೋಣ. ಝಾಂಪ್‌ನ ಈಚಿನ ಕಟ್ಟುಗಳಲ್ಲಿ ಇರುವುದು 10.4ರ ಸಾಲಿನ ಮರಿಯಾಡಿಬಿ. ಈ ಸಾಲಿನಿಂದ ಬಳಕೆದಾರರ ಪಟ್ಟಿ, ಪ್ಲಗಿನ್ ಪಟ್ಟಿ ಮುಂತಾದ ಒಳಮನೆಯ ಕೋಷ್ಟಕಗಳು ಬಹುಪಾಲು ಆರಿಯಾ ಎಂಬ ಎಂಜಿನ್‌ನಲ್ಲಿವೆ. ಆರಿಯಾ ತನ್ನ ದಿನಚರಿಯನ್ನು ಒಂದು ಲಾಗ್ ಫೈಲ್‌ನಲ್ಲಿ ಬರೆದಿಡುತ್ತದೆ. ಲ್ಯಾಪ್‌ಟಾಪ್ ದಿಢೀರ್ ಆರಿದಾಗ ದಿನಚರಿ ಅರ್ಧಕ್ಕೇ ನಿಂತಿತು. ಮತ್ತೆ ಎದ್ದ ಆರಿಯಾಗೆ ಅದನ್ನು ಕೋಷ್ಟಕಗಳ ಜೊತೆ ತಾಳೆ ಹಾಕಲಾಗಲಿಲ್ಲ. ಆರಿಯಾ ಏಳದಿದ್ದರೆ ಪ್ಲಗಿನ್‌ಗಳ ಪಟ್ಟಿಯನ್ನೇ ಓದಲಾಗದು. ಪಟ್ಟಿ ಓದಲಾಗದ ಸರ್ವರ್ 'ಪ್ಲಗಿನ್‌ಗಳೇ ಕೆಟ್ಟಿವೆ' ಎಂದು ಕೈಚೆಲ್ಲಿತು.

ಈ ಸಲ ಲಾಗ್ ಪರಿಹಾರವನ್ನೂ ಹೇಳಿದೆ. 'ಆರಿಯಾ ರಿಕವರಿ ಫೇಲ್ಡ್' ಎಂಬ ಸಾಲಿನಲ್ಲೇ ಇದೆ: ಆರಿಯಾ ಚೆಕ್ ಕಮಾಂಡ್‌ನಿಂದ ಆರಿಯಾ ಕೋಷ್ಟಕಗಳನ್ನು ರಿಪೇರಿ ಮಾಡಿ, ಆರಿಯಾ ಲಾಗ್ ಫೈಲ್‌ಗಳನ್ನು ಅಳಿಸಿ. ಹೆಚ್ಚಿನವರಿಗೆ ಲಾಗ್ ಫೈಲ್ ಬೇರೆ ಕಡೆಗೆ ಸರಿಸಿದರೇ ಸಾಕಾಗುತ್ತದೆ, ಸರ್ವರ್ ಎದ್ದು ಕೂರುತ್ತದೆ. ನೆನಪಿಡಿ, ಸರಿಸುವುದು, ಅಳಿಸುವುದಲ್ಲ. ಹೆಸರು ಬದಲಿಸಿ ಪಕ್ಕದಲ್ಲಿಟ್ಟರೆ ಏನೂ ಖರ್ಚಿಲ್ಲ.

ಅನಾಹುತ ಆಗುವುದು ಇಲ್ಲಿಂದ ಒಂದು ಹೆಜ್ಜೆ ಮುಂದೆ. 'ಡೇಟಾ ಫೋಲ್ಡರ್‌ನಲ್ಲಿ ಏನೋ ಅಳಿಸಿದರೆ ಸರಿಹೋಗುತ್ತದೆ' ಎಂಬುದಷ್ಟೇ ಬಾಯಿಂದ ಬಾಯಿಗೆ ಹರಿದು, ಯಾವುದನ್ನು ಎಂಬುದು ದಾರಿಯಲ್ಲಿ ಉದುರಿಹೋಗಿರುತ್ತದೆ. ಕೈ ಹೋಗುವುದು ಐಬಿಡೇಟಾ1 ಎಂಬ ಫೈಲ್ ಕಡೆಗೆ. ಗಾತ್ರದಲ್ಲಿ ದೊಡ್ಡದು, ಹೆಸರಿಗೆ ಅರ್ಥವಿಲ್ಲ, ಯಾರೂ ಕೇಳದ ಕಸದಂತೆ ಕಾಣುತ್ತದೆ. ಅದನ್ನೂ ಜೊತೆಗಿನ ಇನ್ನೋಡಿಬಿ ಲಾಗ್ ಫೈಲ್‌ಗಳನ್ನೂ ಅಳಿಸಿದರೆ ಸರ್ವರ್ ಚಕ್ಕನೆ ಏಳುತ್ತದೆ. ಅದೇ ಮೋಸ.

ಮರಿಯಾಡಿಬಿಯಲ್ಲಿ ಐಬಿಡೇಟಾ1 ಎಂದರೆ ಇನ್ನೋಡಿಬಿಯ ಖಾತೆ ಪುಸ್ತಕ. ಯಾವ ಕೋಷ್ಟಕ ಎಲ್ಲಿದೆ, ಯಾವ ಫೈಲ್‌ಗೆ ಯಾವ ಸಂಖ್ಯೆ ಎಂಬುದೆಲ್ಲ ಅದರಲ್ಲಿ. ಅಳಿಸಿದರೆ ಸರ್ವರ್ ಹೊಸ ಖಾಲಿ ಪುಸ್ತಕ ತೆರೆದು ನಗುನಗುತ್ತಾ ಕೂರುತ್ತದೆ. ಪಿಎಚ್‌ಪಿಮೈಅಡ್ಮಿನ್ ತೆರೆದರೆ ಎಡಗಡೆ ಕೋಷ್ಟಕಗಳ ಹೆಸರೆಲ್ಲ ಹಾಗೇ ಇವೆ: ಸ್ಟೂಡೆಂಟ್, ಬುಕ್, ಇಶ್ಯೂ, ಫೈನ್. ಒಂದರ ಮೇಲೆ ಕ್ಲಿಕ್ಕಿಸಿ. '1932: ಟೇಬಲ್ ಡಸಂಟ್ ಎಕ್ಸಿಸ್ಟ್ ಇನ್ ಎಂಜಿನ್.' ಹೆಸರುಂಟು, ಆಸಾಮಿ ಇಲ್ಲ.

ಪೂರ್ತಿ ಕೈಬಿಟ್ಟಂತೆಯೂ ಅಲ್ಲ. ಕೋಷ್ಟಕಕ್ಕೊಂದು ಐಬಿಡಿ ಫೈಲ್ ಉಳಿದಿದ್ದರೆ, ಅದೇ ರಚನೆಯ ಖಾಲಿ ಕೋಷ್ಟಕ ಕಟ್ಟಿ, ಅದರ ಟೇಬಲ್‌ಸ್ಪೇಸ್ ಕಳಚಿ, ಹಳೆಯ ಫೈಲನ್ನು ಅಲ್ಲಿಗೆ ತಂದು 'ಇಂಪೋರ್ಟ್ ಟೇಬಲ್‌ಸ್ಪೇಸ್' ಕೊಡಬಹುದು. ಒಂದೊಂದೇ ಕೋಷ್ಟಕಕ್ಕೆ, ತಾಳ್ಮೆಯಿಂದ. ನಾಲ್ಕು ಕೋಷ್ಟಕದ ಮಿನಿ ಪ್ರಾಜೆಕ್ಟ್‌ಗೆ ಇದು ಒಂದು ಗಂಟೆಯ ಕೆಲಸ. ನಾನ್ನೂರು ಕೋಷ್ಟಕದ ಅಂಗಡಿ ಲೆಕ್ಕಕ್ಕೆ ಏನಾದೀತು, ನೀವೇ ಊಹಿಸಿ.

ಯೂಟ್ಯೂಬ್‌ನಲ್ಲಿ ಜನಪ್ರಿಯವಾದ ಇನ್ನೊಂದು ಉಪಾಯ: ಝಾಂಪ್ ಜೊತೆ ಬರುವ 'ಬ್ಯಾಕಪ್' ಫೋಲ್ಡರನ್ನೇ 'ಡೇಟಾ' ಎಂದು ಮಾಡಿಕೊಂಡು, ಅದರೊಳಗೆ ನಮ್ಮ ಡೇಟಾಬೇಸ್ ಫೋಲ್ಡರ್‌ಗಳನ್ನು ತಂದಿಡುವುದು. ಉಪಾಯ ಕೆಟ್ಟದ್ದಲ್ಲ. ಆದರೆ ಹಳೆಯ ಐಬಿಡೇಟಾ1 ಕೂಡ ಜೊತೆಗೆ ಬರಲೇಬೇಕು, ಅದನ್ನು ಮರೆತವರು ಮತ್ತದೇ 1932ರ ಮುಂದೆ ನಿಲ್ಲುತ್ತಾರೆ. ಆ 'ಬ್ಯಾಕಪ್' ನಮ್ಮ ಡೇಟಾದ ನಕಲೂ ಅಲ್ಲ. ಝಾಂಪ್ ಇನ್‌ಸ್ಟಾಲ್ ಆದ ದಿನದ ಕೋರಾ ಫೋಲ್ಡರ್ ಅದು. ನೀವು ಆಮೇಲೆ ಇಟ್ಟ ಬಳಕೆದಾರರು, ಪಾಸ್‌ವರ್ಡ್‌ಗಳು ಅಲ್ಲಿಲ್ಲ. ಆ ಹೆಸರು ಇಟ್ಟವರಿಗೆ ದೊಡ್ಡ ನಮಸ್ಕಾರ!

ನಿಜಕ್ಕೂ ಕೆಟ್ಟುಹೋದ ಇನ್ನೋಡಿಬಿಗೆ 'ಫೋರ್ಸ್ ರಿಕವರಿ' ಎಂಬ ಸೆಟ್ಟಿಂಗ್ ಇದೆ. 1ರಿಂದ 6ರವರೆಗೆ ಮೆಟ್ಟಿಲು. 1ರಿಂದ ಶುರು ಮಾಡಿ, ಎದ್ದ ತಕ್ಷಣ ಡಂಪ್ ತೆಗೆದುಕೊಂಡು ಹೊರಬರಬೇಕು. 4 ಮತ್ತು ಅದರಾಚೆ ಡೇಟಾ ಶಾಶ್ವತವಾಗಿ ಹಾಳಾಗುವ ಅಪಾಯವಿದೆ ಎಂದು ಕೈಪಿಡಿಯೇ ಎಚ್ಚರಿಸುತ್ತದೆ. ನೇರವಾಗಿ 6 ಹಾಕಿ ಎಂದು ಯಾರಾದರೂ ಹೇಳಿದರೆ ಅವರ ಸಹವಾಸ ಬಿಡಿ.

ಹಾಕಿದ್ದೆಲ್ಲಿ, ಹುಡುಕಿದ್ದೆಲ್ಲಿ

ಇಲ್ಲಿಯವರೆಗಿನದು ಹಾಕದೇ ಇದ್ದ ಪ್ಲಗಿನ್‌ಗಳ ಕಥೆ. ನಾವೇ ಕೈಯಾರೆ ಹಾಕುವಾಗಿನ ಗೋಳು ಬೇರೆ ಬಗೆಯದು, ಮತ್ತು ಸುಲಭದ್ದು.

'ಕಾಂಟ್ ಓಪನ್ ಶೇರ್ಡ್ ಲೈಬ್ರರಿ', ಎರರ್ 1126. ಸರ್ವರ್ ಪ್ಲಗಿನ್ ಹುಡುಕುವುದು ಒಂದೇ ಫೋಲ್ಡರ್‌ನಲ್ಲಿ. 'ಪ್ಲಗಿನ್ ಡಿರ್' ಯಾವುದೆಂದು ಸರ್ವರನ್ನೇ ಕೇಳಿದರೆ ಹೇಳುತ್ತದೆ. ಅದನ್ನು ಕೇಳದೆ ಎಲ್ಲೋ ನೋಡಿದ ಪಾತ್‌ಗೆ ಫೈಲ್ ನಕಲಿಸಿದವರೇ ಹೆಚ್ಚು. ಫೈಲ್ ಸರಿಯಾದ ಕಡೆ ಇದ್ದೂ 'ಅನ್‌ಡಿಫೈನ್ಡ್ ಸಿಂಬಲ್' ಬಂದರೆ ಅದು ಬೇರೆ ಆವೃತ್ತಿಗೆ ಕಟ್ಟಿದ ಪ್ಲಗಿನ್. ಮೈಎಸ್‌ಕ್ಯೂಎಲ್‌ನದನ್ನು ತಂದು ಮರಿಯಾಡಿಬಿಗೆ ಸಿಕ್ಕಿಸುವುದು, ವಿಂಡೋಸ್‌ನ ಡಿಎಲ್‌ಎಲ್ ಹೆಸರನ್ನು ಲಿನಕ್ಸ್‌ನಲ್ಲಿ ಬರೆಯುವುದು, ಇವೂ ಇದೇ ಜಾತಿಯವು.

ಒಮ್ಮೆ 'ಇನ್‌ಸ್ಟಾಲ್ ಪ್ಲಗಿನ್' ಕೊಟ್ಟರೆ ಹೆಸರು ಒಳಗಿನ ಪಟ್ಟಿಯಲ್ಲಿ ಕೂರುತ್ತದೆ. ಸರ್ವರ್ ಪ್ರತಿ ಸಲ ಏಳುವಾಗಲೂ ಅದನ್ನು ಕರೆಯುತ್ತದೆ. ಫೈಲನ್ನು ಅಳಿಸಿ ಪಟ್ಟಿಯಿಂದ ತೆಗೆಯದಿದ್ದರೆ ವರ್ಷಗಟ್ಟಲೆ ಪ್ರತಿ ಬಾರಿಯೂ ದೂರು ಬರೆಯುತ್ತಿರುತ್ತದೆ. ಸರ್ವರ್ ಓಡುತ್ತಿರುವುದರಿಂದ ಯಾರೂ ಓದುವುದಿಲ್ಲ.

ಸೆಟ್ಟಿಂಗ್ ಫೈಲ್‌ನಲ್ಲಿ 'ಪ್ಲಗಿನ್ ಲೋಡ್' ಎಂದು ಎರಡು ಸಾಲು ಬರೆದವರಿಗೂ ಒಂದು ಗುಂಡಿ ತೋಡಿಟ್ಟಿದೆ. ಎರಡನೆಯ ಸಾಲು ಮೊದಲನೆಯದನ್ನು ಸದ್ದಿಲ್ಲದೆ ಒರೆಸಿಹಾಕುತ್ತದೆ. ಸೇರಿಸುತ್ತಾ ಹೋಗಬೇಕಾದರೆ 'ಪ್ಲಗಿನ್ ಲೋಡ್ ಆ್ಯಡ್' ಎಂದೇ ಬರೆಯಬೇಕು.

ಇನ್ನು 13, ಅನುಮತಿ ಇಲ್ಲ ಎಂಬ ದೂರು. ಇದರ ಒಂದು ರೂಪ ಮಾತ್ರ ತಲೆಕೂದಲು ಕಿತ್ತುಕೊಳ್ಳುವಂತೆ ಮಾಡುತ್ತದೆ. ಡಿಸ್ಕ್ ತುಂಬಿತೆಂದು ಡೇಟಾ ಫೋಲ್ಡರನ್ನು ಹೊಸ ಡಿಸ್ಕ್‌ಗೆ ಸಾಗಿಸುತ್ತೀರಿ. ಒಡೆತನ ಸರಿಯಿದೆ, ಅನುಮತಿ ಸರಿಯಿದೆ, ಹತ್ತು ಸಲ ನೋಡಿದರೂ ಸರಿಯಿದೆ. ಆದರೂ 13. ಉಬುಂಟುವಿನಲ್ಲಿ ಆ್ಯಪ್‌ಆರ್ಮರ್, ರೆಡ್‌ಹ್ಯಾಟ್ ಕುಟುಂಬದಲ್ಲಿ ಎಸ್‌ಇಲಿನಕ್ಸ್ ಎಂಬ ಕಾವಲುಗಾರ ಬಾಗಿಲಲ್ಲಿ ನಿಂತಿರುತ್ತಾನೆ. 'ಮೈಎಸ್‌ಕ್ಯೂಎಲ್ ಇಂಥ ಫೋಲ್ಡರ್‌ಗಳನ್ನಷ್ಟೇ ಮುಟ್ಟಬಹುದು' ಎಂಬ ಪಟ್ಟಿ ಅವನ ಕೈಯಲ್ಲಿ. ಹೊಸ ಡಿಸ್ಕ್‌ನ ಹೆಸರು ಅದರಲ್ಲಿಲ್ಲ. ಅವನು ತಡೆದದ್ದಕ್ಕೆ ಸಾಕ್ಷಿ ಸಿಗುವುದು ಡೇಟಾಬೇಸ್ ಲಾಗ್‌ನಲ್ಲಲ್ಲ, ಕರ್ನೆಲ್ ಅಥವಾ ಆಡಿಟ್ ಲಾಗ್‌ನಲ್ಲಿ. 'ಡಿನೈಡ್' ಎಂಬ ಪದ ಹುಡುಕಿದರೆ ಸಾಕು. ಕಾವಲುಗಾರನನ್ನೇ ಮನೆಗೆ ಕಳಿಸಿ ಎಂಬುದು ಸುಲಭದ ಸಲಹೆ. ಹೊಸ ಫೋಲ್ಡರ್ ಹೆಸರನ್ನು ಪಟ್ಟಿಗೆ ಸೇರಿಸುವುದು ಎರಡೇ ಸಾಲಿನ ಕೆಲಸವಾಗಿರುವಾಗ ಅಂಥ ಸೋಮಾರಿತನಕ್ಕೆ ಕ್ಷಮೆಯಿಲ್ಲ.

> ಬಾಕ್ಸ್: ಇಲ್ಲದಿದ್ದರೆ ಏಳಬೇಕೇ, ಬೇಡವೇ?
>
> ಪ್ಲಗಿನ್ ಸೋತರೆ ಸರ್ವರ್ ಏನು ಮಾಡಬೇಕೆಂದು ಮೊದಲೇ ಹೇಳಿಡಬಹುದು. 'ಆನ್' ಎಂದರೆ ಅದನ್ನು ಬಿಟ್ಟು ಮುಂದೆ ನಡೆ. 'ಫೋರ್ಸ್' ಎಂದರೆ ಅದಿಲ್ಲದೆ ಏಳಲೇಬೇಡ. 'ಫೋರ್ಸ್ ಪ್ಲಸ್ ಪರ್ಮನೆಂಟ್' ಎಂದರೆ ಓಡುತ್ತಿರುವಾಗಲೂ ಯಾರೂ ತೆಗೆಯುವಂತಿಲ್ಲ.
>
> ಸೆಟ್ಟಿಂಗ್ ಹೆಸರಿನ ಮುಂದೆ 'ಲೂಸ್' ಎಂದು ಸೇರಿಸಿದರೆ, ಆ ಹೆಸರು ಸರ್ವರ್‌ಗೆ ಗೊತ್ತಿಲ್ಲದಿದ್ದರೂ ಎಚ್ಚರಿಕೆ ಬರೆದು ಏಳುತ್ತದೆ. ಸೇರಿಸದಿದ್ದರೆ ಒಂದು ಅಪರಿಚಿತ ಪದಕ್ಕೇ ಇಡೀ ಸರ್ವರ್ ಮುಷ್ಕರ ಹೂಡುತ್ತದೆ.

2018ರ ತೇಪೆ

ಮೈಎಸ್‌ಕ್ಯೂಎಲ್ 8.0ಕ್ಕೆ ಒರಾಕಲ್ ಗೊತ್ತುಮಾಡಿದ ಕೊನೆಯ ತಿಂಗಳು 2026ರ ಏಪ್ರಿಲ್. ಹಾಗಾಗಿ ಅಪ್‌ಗ್ರೇಡ್ ಮಾಡುವವರ ಸಾಲು ದೊಡ್ಡದಿದೆ, ಹೋಗುವುದು 8.4ಕ್ಕೆ. ಅಲ್ಲಿ ಕಾದಿರುವ ಎಡವಟ್ಟಿನ ಬೇರು 2018ರಲ್ಲಿದೆ.

2018ರ ಏಪ್ರಿಲ್‌ನಲ್ಲಿ 8.0 ಬಂದಾಗ ಪಾಸ್‌ವರ್ಡ್ ನೋಡಿಕೊಳ್ಳುವ ಪ್ಲಗಿನ್ ಬದಲಾಯಿತು. ಹಳೆಯ 'ನೇಟಿವ್ ಪಾಸ್‌ವರ್ಡ್' ನಿಂತಿದ್ದು ದುರ್ಬಲವೆಂದು ಗೊತ್ತಾಗಿದ್ದ ಎಸ್‌ಎಚ್‌ಎ-1 ಮೇಲೆ. ಹೊಸ 'ಕ್ಯಾಶಿಂಗ್ ಶಾ2' ಎಸ್‌ಎಚ್‌ಎ-256ರದು, ಬಲವಾದದ್ದು. ಸರ್ವರ್ ಬದಲಾಯಿತು ಸರಿ, ಅದರ ಜೊತೆ ಮಾತಾಡುವ ಹಳೆಯ ಪಿಎಚ್‌ಪಿ, ಹಳೆಯ ಡ್ರೈವರ್‌ಗಳಿಗೆ ಹೊಸ ಭಾಷೆ ಬರುತ್ತಿರಲಿಲ್ಲ. 'ಅಥೆಂಟಿಕೇಷನ್ ಪ್ಲಗಿನ್ ಕ್ಯಾನಾಟ್ ಬಿ ಲೋಡೆಡ್' ಎಂಬ ಸಂದೇಶದ ಮಳೆಯೇ ಸುರಿಯಿತು. ಪಿಎಚ್‌ಪಿಗೆ ಸಲೀಸಾದದ್ದು 7.4ರ ಹೊತ್ತಿಗೆ.

ಅಲ್ಲಿಯವರೆಗೆ ಜನ ಏನು ಮಾಡಿದರು? ಸೆಟ್ಟಿಂಗ್ ಫೈಲ್‌ನಲ್ಲಿ ಒಂದು ಸಾಲು ಬರೆದರು: 'ಡಿಫಾಲ್ಟ್ ಅಥೆಂಟಿಕೇಷನ್ ಪ್ಲಗಿನ್' ಹಳೆಯದೇ ಇರಲಿ ಎಂದು. ಕೆಲಸ ನಡೆಯಿತು. ಬರೆದವರು ಬೇರೆ ಕಂಪನಿಗೆ ಹೋದರು. ಸಾಲು ಅಲ್ಲೇ ಉಳಿಯಿತು.

2024ರ ಏಪ್ರಿಲ್‌ನಲ್ಲಿ ಬಂದ 8.4 ಆ ಸೆಟ್ಟಿಂಗ್‌ನ ಹೆಸರನ್ನೇ ಕಿತ್ತುಹಾಕಿದೆ. ಅಪ್‌ಗ್ರೇಡ್ ಮುಗಿಸಿ ಸ್ಟಾರ್ಟ್ ಕೊಟ್ಟರೆ 'ಅನ್‌ನೋನ್ ವೇರಿಯಬಲ್', ಸರ್ವರ್ ಏಳುವುದಿಲ್ಲ. ಸಾಲು ಅಳಿಸಿದರೆ ಏಳುತ್ತದೆ. ಆಗ ಎರಡನೆಯ ಗುದ್ದು: ಹಳೆಯ ಬಳಕೆದಾರರಿಗೆ ಎರರ್ 1524, 'ಪ್ಲಗಿನ್ ನಾಟ್ ಲೋಡೆಡ್'. 8.4ರಲ್ಲಿ ಹಳೆಯ ಪ್ಲಗಿನ್ ಪೆಟ್ಟಿಗೆಯಲ್ಲಿದೆ, ಚಾಲೂ ಆಗಿಲ್ಲ. 'ಮೈಎಸ್‌ಕ್ಯೂಎಲ್ ನೇಟಿವ್ ಪಾಸ್‌ವರ್ಡ್ ಆನ್' ಎಂದು ಸೆಟ್ಟಿಂಗ್ ಫೈಲ್‌ನಲ್ಲಿ ಬರೆದರೆ ಬದುಕುತ್ತದೆ.

ಬರೆದು ಮರೆತರೆ ಮಾತ್ರ ಕಥೆ ಮೊದಲಿನಿಂದ ಶುರು. 2024ರ ಜುಲೈನ 9.0ರಲ್ಲಿ ಹಳೆಯ ಪ್ಲಗಿನ್ನೂ ಇಲ್ಲ, ಆ ಸೆಟ್ಟಿಂಗೂ ಇಲ್ಲ. ಸಮಯ ಸಿಕ್ಕಾಗ ಒಬ್ಬೊಬ್ಬ ಬಳಕೆದಾರನಿಗೂ 'ಆಲ್ಟರ್ ಯೂಸರ್' ಕೊಟ್ಟು ಹೊಸ ಪದ್ಧತಿಗೆ ದಾಟಿಸುವುದೇ ದಾರಿ. ಸರ್ವರನ್ನು ಮುಟ್ಟುವ ಮುಂಚೆ 'ವ್ಯಾಲಿಡೇಟ್ ಕಾನ್ಫಿಗ್' ಎಂಬ ಆಯ್ಕೆಯಿಂದ ಸೆಟ್ಟಿಂಗ್ ಫೈಲನ್ನು ಓದಿಸಬಹುದು, 8.0.16ರಿಂದಲೇ ಇದೆ. ಮೈಎಸ್‌ಕ್ಯೂಎಲ್ ಶೆಲ್‌ನಲ್ಲಿ ಅಪ್‌ಗ್ರೇಡ್ ಚೆಕ್ಕರ್ ಕೂಡ ಉಂಟು. ರಾತ್ರಿ ಎರಡು ಗಂಟೆಗೆ ಮ್ಯಾನೇಜರ್ ಫೋನು ಬರುವುದಕ್ಕಿಂತ ಹಗಲಲ್ಲೇ ಇವನ್ನು ಓಡಿಸುವುದು ಆರೋಗ್ಯಕ್ಕೆ ಒಳ್ಳೆಯದು.

ಪೋಸ್ಟ್‌ಗ್ರೆಸ್ ಓಣಿಯಲ್ಲೂ ಅದೇ ಗಲಾಟೆ

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನ ಬಳಗದವರು ಇದನ್ನೆಲ್ಲ ಓದಿ ಮೀಸೆಯಡಿ ನಗಬೇಕಿಲ್ಲ. ಅಲ್ಲಿ ಪ್ಲಗಿನ್‌ಗೆ ಎಕ್ಸ್‌ಟೆನ್ಷನ್ ಎಂದು ಹೆಸರು. 2011ರ 9.1 ಆವೃತ್ತಿಯಿಂದ 'ಕ್ರಿಯೇಟ್ ಎಕ್ಸ್‌ಟೆನ್ಷನ್' ಎಂಬ ಒಂದೇ ಸಾಲಿನಲ್ಲಿ ಅದನ್ನು ಸೇರಿಸುವ ಕೆಲಸ ಮುಗಿಯುತ್ತದೆ, ಮುಗಿಯಬೇಕು.

ಕೆಲವು ಎಕ್ಸ್‌ಟೆನ್ಷನ್‌ಗಳು ಮಾತ್ರ ಸರ್ವರ್ ಏಳುವಾಗಲೇ ಒಳಗಿರಬೇಕು. ಯಾವ ಕ್ವೆರಿ ಎಷ್ಟು ಹೊತ್ತು ತಿಂದಿತೆಂದು ಲೆಕ್ಕ ಇಡುವ 'ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್' ಅಂಥದ್ದು. ಅದರ ಹೆಸರನ್ನು 'ಶೇರ್ಡ್ ಪ್ರಿಲೋಡ್ ಲೈಬ್ರರೀಸ್' ಎಂಬ ಸಾಲಿಗೆ ಸೇರಿಸಿ ರೀಸ್ಟಾರ್ಟ್ ಮಾಡಬೇಕು. ಕಾಂಟ್ರಿಬ್ ಪ್ಯಾಕೇಜ್ ಹಾಕದೆ ಹೆಸರು ಸೇರಿಸಿದರೆ 'ಕುಡ್ ನಾಟ್ ಆಕ್ಸೆಸ್ ಫೈಲ್' ಎಂದು ಸರ್ವರ್ ಮಲಗಿಬಿಡುತ್ತದೆ. ಇಲ್ಲಿ 'ಬಿಟ್ಟು ಮುಂದೆ ನಡೆ' ಎಂಬ ದಾಕ್ಷಿಣ್ಯವಿಲ್ಲ.

ಸೊಗಸಾದ ಗುಂಡಿ ಇನ್ನೊಂದಿದೆ. 'ಆಲ್ಟರ್ ಸಿಸ್ಟಂ' ಮೂಲಕ ಎರಡು ಲೈಬ್ರರಿ ಹೆಸರನ್ನು ಒಂದೇ ಉದ್ಧರಣ ಚಿಹ್ನೆಯೊಳಗೆ ಕಾಮಾ ಹಾಕಿ ಬರೆದರೆ, ಪೋಸ್ಟ್‌ಗ್ರೆಸ್ ಕಾಮಾ ಸಮೇತ ಅದನ್ನು ಒಂದೇ ಹೆಸರೆಂದು ತಿಳಿಯುತ್ತದೆ. ಆ ಹೆಸರಿನ ಫೈಲ್ ಲೋಕದಲ್ಲೇ ಇಲ್ಲ. ಸರ್ವರ್ ಏಳುವುದಿಲ್ಲ. ಸೆಟ್ಟಿಂಗ್ ಫೈಲ್ ತೆರೆದರೆ ಅಂಥ ಸಾಲೇ ಕಾಣುವುದಿಲ್ಲ! 'ಆಲ್ಟರ್ ಸಿಸ್ಟಂ' ಬರೆಯುವುದು 'ಪೋಸ್ಟ್‌ಗ್ರೆಸ್‌ಕ್ಯೂಎಲ್.ಆಟೋ.ಕಾನ್ಫ್' ಎಂಬ ಬೇರೆ ಫೈಲ್‌ಗೆ. ಅದು ಮುಖ್ಯ ಫೈಲಿನ ಮಾತನ್ನೂ ಮೀರಿ ನಡೆಯುತ್ತದೆ. 'ಕೈಯಿಂದ ತಿದ್ದಬೇಡಿ' ಎಂದು ಅದರ ತಲೆಯ ಮೇಲೇ ಬರೆದಿದೆ. ಸರ್ವರ್ ಮಲಗಿರುವಾಗ ತಿದ್ದದೆ ಬೇರೆ ದಾರಿಯೂ ಇಲ್ಲ.

ಬೀಗದ ಕೈ ಎಲ್ಲಿಟ್ಟಿರಿ?

ಪ್ಲಗಿನ್ ನಿರಪರಾಧಿ ಎಂದು ಇಷ್ಟು ಹೊತ್ತು ವಾದಿಸಿದ್ದಾಯಿತು. ಅದೇ ನಿಜವಾಗಿ ಕೈಕೊಡುವ, ಕೈಕೊಟ್ಟರೆ ಮದ್ದೇ ಇಲ್ಲದ ಪ್ರಕರಣವೂ ಒಂದುಂಟು.

ಡಿಸ್ಕ್ ಕಳುವಾದರೂ ಡೇಟಾ ಓದಲಾಗಬಾರದೆಂದು ಇನ್ನೋಡಿಬಿ ಕೋಷ್ಟಕಗಳನ್ನು ಎನ್‌ಕ್ರಿಪ್ಟ್ ಮಾಡಬಹುದು. ಅದರ ಮಾಸ್ಟರ್ ಕೀ ಇಟ್ಟುಕೊಳ್ಳುವುದು ಕೀರಿಂಗ್ ಪ್ಲಗಿನ್. ಇನ್ನೋಡಿಬಿ ಏಳುವ ಮೊದಲೇ ಕೀ ಸಿದ್ಧವಿರಬೇಕಲ್ಲ? ಅದಕ್ಕೇ ಈ ಪ್ಲಗಿನ್ನಿಗೆ 'ಅರ್ಲಿ ಪ್ಲಗಿನ್ ಲೋಡ್' ಎಂಬ ಪ್ರತ್ಯೇಕ ಸಾಲು. ಎಲ್ಲರಂತೆ 'ಪ್ಲಗಿನ್ ಲೋಡ್' ಸಾಲಿನಲ್ಲಿ ಬರೆದರೆ ಅದು ಬರುವಷ್ಟರಲ್ಲಿ ಇನ್ನೋಡಿಬಿ ಕೀಗಾಗಿ ಹುಡುಕಾಡಿ, 'ಕಾಂಟ್ ಫೈಂಡ್ ಮಾಸ್ಟರ್ ಕೀ' ಎಂದು ದೂರಿರುತ್ತದೆ. ಸಾಲು ಬದಲಿಸಿದರೆ ಇದು ಸರಿಹೋಗುತ್ತದೆ.

8.4ರಲ್ಲಿ 'ಕೀರಿಂಗ್ ಫೈಲ್' ಎಂಬ ಹಳೆಯ ಪ್ಲಗಿನ್ನನ್ನೇ ತೆಗೆದುಹಾಕಿದ್ದಾರೆ. ಅದರ ಜಾಗಕ್ಕೆ ಬಂದಿರುವುದು ಕಾಂಪೊನೆಂಟ್ ಎಂಬ ಹೊಸ ವ್ಯವಸ್ಥೆ. ಕೀಗಳನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸುವ ಕೆಲಸ 8.0ರಲ್ಲಿ ಇರುವಾಗಲೇ ಮುಗಿಯಬೇಕು. ಅಪ್‌ಗ್ರೇಡ್ ತಂಡದ ಪಟ್ಟಿಯಲ್ಲಿ ಡೇಟಾ ಫೋಲ್ಡರ್‌ನ ಬ್ಯಾಕಪ್ ಇರುತ್ತದೆ. ಕೀ ಇರುವ ಫೈಲ್ ಸಾಮಾನ್ಯವಾಗಿ ಡೇಟಾ ಫೋಲ್ಡರ್‌ನ ಹೊರಗೆ, 'ಮೈಎಸ್‌ಕ್ಯೂಎಲ್-ಕೀರಿಂಗ್' ಎಂಬ ಪಕ್ಕದ ಫೋಲ್ಡರ್‌ನಲ್ಲಿರುತ್ತದೆ. ಬ್ಯಾಕಪ್ ಸ್ಕ್ರಿಪ್ಟ್ ಬರೆದವರಿಗೆ ಅದು ಗೊತ್ತಿತ್ತೇ ಎಂದು ಇವತ್ತೇ ಕೇಳಿ ನೋಡಿ. ಹಳೆಯ ಯಂತ್ರವನ್ನು ಒರೆಸಿ ಗುಜರಿಗೆ ಕೊಟ್ಟ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಆ ಫೈಲ್ ಇಲ್ಲದೆ ಎನ್‌ಕ್ರಿಪ್ಟ್ ಆದ ಕೋಷ್ಟಕಗಳನ್ನು ತೆರೆಯುವ ಯಾವ ಕಮಾಂಡೂ ಇಲ್ಲ, ಫೋರ್ಸ್ ರಿಕವರಿಯ ಯಾವ ಮೆಟ್ಟಿಲೂ ಅಲ್ಲಿಗೆ ಮುಟ್ಟುವುದಿಲ್ಲ.